ಮಾಡ್‌ಬಸ್ ಲೈನ್ ಕೈಕೊಟ್ಟಾಗ ದೋಷ ಹುಡುಕುವ ಕ್ರಮ: ಕ್ಯೂರಿಂಗ್ ವರ್ಕ್ಸ್ ಮತ್ತು ಸಣ್ಣ ಕಾರ್ಖಾನೆಗಳಿಗೆ

ಹಾಸನ, ಚಿಕ್ಕಮಗಳೂರು ಕಡೆಯ ಕಾಫಿ ಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಡ್ರೈಯರಿನ ಟೆಂಪರೇಚರ್ ಕಂಟ್ರೋಲರ್, ಬ್ಲೋವರ್ ಮತ್ತು ಎಲಿವೇಟರಿನ ಡ್ರೈವ್ (ಮೋಟರಿನ ವೇಗ ಬದಲಿಸುವ ಸಾಧನ), ಪ್ಯಾನಲ್ಲಿನ ಎನರ್ಜಿ ಮೀಟರ್ ಇವನ್ನೆಲ್ಲ ಯಂತ್ರಗಳನ್ನು ನಡೆಸುವ ಕಂಪ್ಯೂಟರ್ ಆದ ಪಿಎಲ್‌ಸಿಗೆ ಜೋಡಿಸುವುದು ಸಾಮಾನ್ಯವಾಗಿ ಒಂದೇ ಜೋಡಿ ತಂತಿ. ಆ ತಂತಿ ಆರ್‌ಎಸ್-485, ಅದರ ಮೇಲೆ ಓಡುವ ಭಾಷೆ ಮಾಡ್‌ಬಸ್ ಆರ್‌ಟಿಯು. ಮಾಡ್‌ಬಸ್ 1979ರದ್ದು, ಆರ್‌ಎಸ್-485 1983ರದ್ದು. ಎರಡೂ ಹಳೆಯವು, ಸರಳವಾದವು. ಹಾಗಾಗಿ ಕೆಟ್ಟರೆ ಮಲ್ಟಿಮೀಟರ್ ಹಿಡಿದು ಕಂಡುಹಿಡಿಯಬಹುದು.

ಆದರೆ ಹೆಚ್ಚಿನ ಕಡೆ ನಡೆಯುವುದೇ ಬೇರೆ. ಪರದೆಯಲ್ಲಿ ಕಮ್ಯುನಿಕೇಶನ್ ಫೇಲ್ ಅಂತ ಬಂದ ಕೂಡಲೇ ಯಾರೋ ಬಾಡ್ ರೇಟ್ (ಸಂದೇಶ ಕಳಿಸುವ ವೇಗ) ಬದಲಿಸುತ್ತಾರೆ, ಇನ್ಯಾರೋ ವಿಳಾಸ (ಲೈನಿನಲ್ಲಿ ಆ ಸಾಧನದ ನಂಬರ್) ಬದಲಿಸುತ್ತಾರೆ, ಮೂರನೆಯವರು ತಂತಿ ತಿರುಗಿಸಿ ಹಾಕುತ್ತಾರೆ. ಇದ್ದದ್ದು ಒಂದೇ ದೋಷ, ಸಂಜೆಯ ಹೊತ್ತಿಗೆ ನಾಲ್ಕು. ನಿನ್ನೆವರೆಗೆ ಸರಿಯಾಗಿ ಓಡುತ್ತಿದ್ದ ಲೈನಿನಲ್ಲಿ ಸೆಟ್ಟಿಂಗ್ ತಾನಾಗಿ ಬದಲಾಗುವುದು ತೀರಾ ಅಪರೂಪ. ಕೆಡುವುದು ತಂತಿ, ಟರ್ಮಿನಲ್, ಅರ್ಥಿಂಗ್, ಇಲ್ಲವೇ ಪೋರ್ಟಿನೊಳಗಿನ ಚಿಪ್. ಆದ್ದರಿಂದ ಅಳೆಯುವ ಮೊದಲು ಏನನ್ನೂ ಬದಲಿಸಬೇಡಿ. ಬದಲಿಸುವಾಗಲೂ ಒಂದು ಸಲಕ್ಕೆ ಒಂದೇ, ಅದೂ ಹಳೆಯ ಸೆಟ್ಟಿಂಗನ್ನು ಬರೆದಿಟ್ಟುಕೊಂಡ ಮೇಲೆ.

ಜೊತೆಗೆ ಇಟ್ಟುಕೊಳ್ಳಬೇಕಾದ್ದು: ಒಳ್ಳೆಯ ಡಿಜಿಟಲ್ ಮಲ್ಟಿಮೀಟರ್, ಐಸೊಲೇಶನ್ (ಎರಡು ಕಡೆಯ ವಿದ್ಯುತ್ತನ್ನು ಬೇರೆಯಾಗಿಡುವ ವ್ಯವಸ್ಥೆ) ಇರುವ ಯುಎಸ್‌ಬಿ-485 ಕನ್ವರ್ಟರ್, ಲ್ಯಾಪ್‌ಟಾಪಿನಲ್ಲಿ ಕ್ಯೂಮಾಡ್‌ಮಾಸ್ಟರ್‌ನಂಥ ಉಚಿತ ತಂತ್ರಾಂಶ, ಕಾಲು ವಾಟಿನ 120 ಓಮ್ ರೆಸಿಸ್ಟರ್ ಎರಡು, 560 ಓಮಿನವು ಎರಡು, ಸಣ್ಣ ಸ್ಕ್ರೂಡ್ರೈವರ್, ತಂತಿ ತುದಿಗೆ ಒತ್ತುವ ಫೆರುಲ್‌ಗಳು. ಐಸೊಲೇಶನ್ ಇಲ್ಲದ ಅಗ್ಗದ ಕನ್ವರ್ಟರಿನಲ್ಲಿ ಪ್ಯಾನಲ್ಲಿನ ಅರ್ಥ್ ವೋಲ್ಟೇಜ್ ನೇರ ಲ್ಯಾಪ್‌ಟಾಪಿಗೆ ಬರುತ್ತದೆ. ಅಲ್ಲಿ ಹಣ ಉಳಿಸಬೇಡಿ.

ಲಕ್ಷಣ ನೋಡಿ ಜಾಗ ಊಹಿಸಿ

ಟೂಲ್ ತೆಗೆಯುವ ಮೊದಲು ಪರದೆಯನ್ನು ಐದು ನಿಮಿಷ ಸುಮ್ಮನೆ ನೋಡಿ. ಯಾವ ವಿಳಾಸ ಹೋಗಿದೆ, ಯಾವುದು ಉಳಿದಿದೆ, ಎಷ್ಟು ಹೊತ್ತಿಗೆ ವಾಪಸ್ ಬರುತ್ತದೆ ಎಂಬುದರಲ್ಲೇ ಅರ್ಧ ಉತ್ತರ ಇರುತ್ತದೆ.

ಎಲ್ಲ ಸಾಧನಗಳೂ ಒಟ್ಟಿಗೆ ಹೋಗಿದ್ದರೆ ಮಾಸ್ಟರಿನ (ಎಲ್ಲ ಸಾಧನಗಳಿಗೂ ಪ್ರಶ್ನೆ ಕಳಿಸುವ ಪಿಎಲ್‌ಸಿಯ) ಪೋರ್ಟ್, ಅದರಿಂದ ಹೊರಟ ಮೊದಲ ತುಂಡು ಕೇಬಲ್, ಅಥವಾ ಲೈನಿನ ಎಲ್ಲೋ ಒಂದು ಕಡೆ ಶಾರ್ಟ್. ಒಂದು ಜಾಗದಿಂದ ಆಚೆಗಿನವು ಮಾತ್ರ ಹೋಗಿದ್ದರೆ ಆ ಜಾಗದ ಟರ್ಮಿನಲ್ಲಿನಲ್ಲಿ ತಂತಿ ಸಡಿಲವಾಗಿದೆ. ಒಂದೇ ಸಾಧನ ಹೋಗಿದ್ದರೆ ಅದರ ಪವರ್, ವಿಳಾಸ ಅಥವಾ ಪೋರ್ಟ್. ಮೋಟರ್ ಓಡಿದಾಗ ಮಾತ್ರ ಕಡಿದುಹೋಗುತ್ತಿದ್ದರೆ ಡ್ರೈವಿನ ನಾಯ್ಸ್. ಮಳೆ ಬಂದಾಗ ಮಾತ್ರ ಆಗುತ್ತಿದ್ದರೆ ಹೊರಗಿನ ಜಂಕ್ಷನ್ ಬಾಕ್ಸ್. ಓದು ಬರುತ್ತಿದೆ, ಆದರೆ ಅಂಕಿ ಅಸಂಬದ್ಧವಾಗಿದೆ ಎಂದಾದರೆ ತಂತಿಯನ್ನು ಮುಟ್ಟಲೇಬೇಡಿ, ಅದು ರಿಜಿಸ್ಟರ್ (ಸಾಧನದೊಳಗೆ ಅಂಕಿ ಇಡುವ ಮನೆ) ಲೆಕ್ಕದ ತಪ್ಪು.

ಪವರ್ ತೆಗೆದು ಮೊದಲ ಅಳತೆ

ಲೈನಿನಲ್ಲಿರುವ ಎಲ್ಲ ಸಾಧನಗಳ ಪವರ್ ತೆಗೆಯಿರಿ. ಡ್ರೈವ್ ಇದ್ದರೆ ಆಫ್ ಮಾಡಿದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಪ್ರಾಣ ತೆಗೆಯುವಷ್ಟು ಡಿಸಿ ಉಳಿದಿರುತ್ತದೆ. ಮುಚ್ಚಳದ ಮೇಲೆ ಬರೆದಷ್ಟು ನಿಮಿಷ ಕಾಯಿರಿ, ಚಾರ್ಜ್ ದೀಪ ಆರಿದ್ದನ್ನು ನೋಡಿ, ಮೀಟರಿನಿಂದ ಖಚಿತ ಮಾಡಿಕೊಳ್ಳಿ. ಆಮೇಲೇ ಕೈ ಹಾಕಿ.

ಈಗ ಮಾಸ್ಟರಿನ ಬಳಿ ಎ ಮತ್ತು ಬಿ (485ರ ಎರಡು ತಂತಿಗಳು) ನಡುವೆ ಓಮ್ ನೋಡಿ. ಲೈನಿನ ಎರಡು ತುದಿಗಳಲ್ಲಿ ತಲಾ 120 ಓಮ್ ಟರ್ಮಿನೇಶನ್ (ಸಿಗ್ನಲ್ ತುದಿಯಿಂದ ಹಿಂದಿರುಗದಂತೆ ತಡೆಯುವ ರೆಸಿಸ್ಟರ್) ಇರಬೇಕು. ಎರಡೂ ಸಮಾನಾಂತರವಾಗಿ ಸೇರಿ 60ರ ಆಸುಪಾಸು ಬರುತ್ತದೆ. 120 ಬಂದರೆ ಒಂದು ಟರ್ಮಿನೇಶನ್ ಇಲ್ಲ, ಅಥವಾ ಮಧ್ಯದಲ್ಲಿ ತಂತಿ ತುಂಡಾಗಿ ದೂರದ್ದು ಕಾಣುತ್ತಿಲ್ಲ. 40 ಬಂದರೆ ಮೂರು, 30 ಬಂದರೆ ನಾಲ್ಕು ಕಡೆ ಹಾಕಿದ್ದಾರೆ. ಸಾಧನದೊಳಗೆ ಟರ್ಮಿನೇಶನ್ನಿಗೆ ಸಣ್ಣ ಡಿಪ್ ಸ್ವಿಚ್ ಇರುತ್ತದೆ, ಹೊಸ ಡ್ರೈವ್ ಕೂರಿಸುವಾಗ ಅದು ಆನ್ ಆಗಿಯೇ ಉಳಿದುಬಿಡುತ್ತದೆ. ಸಾವಿರಾರು ಓಮ್ ಬಂದರೆ ಎಲ್ಲೂ ಟರ್ಮಿನೇಶನ್ ಇಲ್ಲ, ಅಥವಾ ಮಾಸ್ಟರಿನ ಬುಡದಲ್ಲೇ ತಂತಿ ಬಿಟ್ಟಿದೆ. 2, 3 ಓಮ್ ಬಂದರೆ ಹತ್ತಿರದಲ್ಲೇ ಶಾರ್ಟ್.

ಉದ್ದದ ಲೈನಿನಲ್ಲಿ ತಂತಿಯ ಸ್ವಂತ ರೆಸಿಸ್ಟೆನ್ಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 24 ಗೇಜಿನ ತಂತಿ ಕಿಲೋಮೀಟರಿಗೆ ಸುಮಾರು 84 ಓಮ್. 300 ಮೀಟರ್ ದೂರಕ್ಕೆ ಹೋಗಿ ಬರುವ ಎರಡು ಎಳೆ ಸೇರಿ 50 ಓಮ್. ಆಗ ಮಾಸ್ಟರಿನ ಬಳಿ 60ರ ಬದಲು 70 ಕಾಣುವುದು ಸರಿಯಾದ ಓದೇ. ಅದನ್ನು ದೋಷ ಎಂದು ಹುಡುಕಲು ಹೋಗಬೇಡಿ.

ಇದೇ ಹೊತ್ತಿನಲ್ಲಿ ಎ ಮತ್ತು ಶೀಲ್ಡ್ (ತಂತಿಗಳ ಸುತ್ತಲಿನ ಲೋಹದ ಹೊದಿಕೆ), ಬಿ ಮತ್ತು ಶೀಲ್ಡ್ ನಡುವೆಯೂ ನೋಡಿ. ಶೀಲ್ಡಿನ ಒಂದೆರಡು ಬಿಡಿ ಎಳೆಗಳು ಟರ್ಮಿನಲ್ಲಿನಲ್ಲಿ ಪಕ್ಕದ ತಂತಿಗೆ ತಾಗಿರುವುದು ಬಹಳ ಸಾಮಾನ್ಯ. ತುದಿಯಲ್ಲಿ ಹೀಟ್ ಶ್ರಿಂಕ್ ಹಾಕಿದ್ದರೆ ಈ ತೊಂದರೆಯೇ ಇಲ್ಲ.

ಪವರ್ ಕೊಟ್ಟು ಎರಡನೇ ಅಳತೆ

ಎಲ್ಲ ಸಾಧನಗಳಿಗೂ ಪವರ್ ಕೊಡಿ. ಪಿಎಲ್‌ಸಿಯನ್ನು ಸ್ಟಾಪ್ ಮೋಡಿಗೆ ಹಾಕಿ ಪೋಲಿಂಗ್ (ಸಾಧನಗಳನ್ನು ಸರದಿಯಂತೆ ಕೇಳುವುದು) ನಿಲ್ಲಿಸಿ. ಯಂತ್ರಗಳು ಓಡುತ್ತಿರುವಾಗ ಪಿಎಲ್‌ಸಿ ನಿಲ್ಲಿಸಬಾರದು, ಪ್ಲಾಂಟಿನವರಿಗೆ ಹೇಳಿಯೇ ಮಾಡಿ. ಈಗ ಲೈನಿನಲ್ಲಿ ಯಾರೂ ಮಾತಾಡುತ್ತಿಲ್ಲ. ಎ-ಬಿ ನಡುವೆ ಡಿಸಿ ವೋಲ್ಟೇಜ್ ಅಳೆಯಿರಿ.

ರಿಸೀವರ್ ಚಿಪ್ಪಿಗೆ ಇದು ಒಂದೋ ಸೊನ್ನೆಯೋ ಎಂದು ಖಚಿತವಾಗಿ ತಿಳಿಯಲು 200 ಮಿಲಿವೋಲ್ಟ್ ವ್ಯತ್ಯಾಸ ಬೇಕು. ಸುಮ್ಮನಿರುವ ಲೈನಿನಲ್ಲಿ ಅದಕ್ಕಿಂತ ಕಡಿಮೆ ಇದ್ದರೆ ಸಣ್ಣ ನಾಯ್ಸ್ ಕೂಡ ಅಕ್ಷರದಂತೆ ಕಂಡು ಮೊದಲ ಬೈಟೇ ಹಾಳಾಗುತ್ತದೆ, ಸಿಆರ್‌ಸಿ (ಸಂದೇಶ ಸರಿಯಾಗಿ ಬಂತೇ ಎಂದು ನೋಡುವ ಲೆಕ್ಕ) ತಪ್ಪು ಬರುತ್ತದೆ. ಈ ವ್ಯತ್ಯಾಸವನ್ನು ಕೊಡುವುದು ಬಯಾಸ್ ರೆಸಿಸ್ಟರುಗಳು: 5 ವೋಲ್ಟಿನಿಂದ ಪ್ಲಸ್ ತಂತಿಗೆ 560 ಓಮ್, ಮೈನಸ್ ತಂತಿಯಿಂದ ಕಾಮನ್ನಿಗೆ (ಪೋರ್ಟಿನ ಸೊನ್ನೆ ವೋಲ್ಟ್ ಟರ್ಮಿನಲ್) 560 ಓಮ್. ಎರಡೂ ಟರ್ಮಿನೇಶನ್ ಇರುವಾಗ ಲೆಕ್ಕ ಹಾಕಿದರೆ ಎ-ಬಿ ನಡುವೆ ಸುಮಾರು 250 ಮಿಲಿವೋಲ್ಟ್ ಸಿಗುತ್ತದೆ, ಕಾಮನ್ನಿಗೆ ಹೋಲಿಸಿದರೆ ಒಂದು ತಂತಿ 2.63, ಇನ್ನೊಂದು 2.37 ವೋಲ್ಟಿನಲ್ಲಿ ನಿಲ್ಲುತ್ತದೆ. ಕೆಲವು ಕನ್ವರ್ಟರುಗಳಲ್ಲಿ ಬಯಾಸ್ ಇದೆ ಎಂದು ಬರೆದಿರುತ್ತಾರೆ, ಒಳಗಿರುವುದು 4.7 ಕಿಲೋಓಮ್. ಅದರಿಂದ ಸಿಗುವುದು 32 ಮಿಲಿವೋಲ್ಟ್ ಅಷ್ಟೆ, ಸಾಲದು. ಬಯಾಸ್ ಇಡೀ ಲೈನಿಗೆ ಒಂದೇ ಕಡೆ ಇರಲಿ, ಸಾಮಾನ್ಯವಾಗಿ ಮಾಸ್ಟರಿನ ಬಳಿ.

ಹೊಸ ಚಿಪ್‌ಗಳಲ್ಲಿ ಸೊನ್ನೆ ವೋಲ್ಟನ್ನೂ ಸುಮ್ಮನಿರುವ ಸ್ಥಿತಿ ಎಂದೇ ತಿಳಿಯುವ ವ್ಯವಸ್ಥೆ ಇದೆ. ಹಾಗಾಗಿ ಬಯಾಸ್ ಇಲ್ಲದ ಲೈನಿನಲ್ಲಿ ಹೊಸ ಮೀಟರ್ ಚೆನ್ನಾಗಿ ಉತ್ತರಿಸುತ್ತದೆ, ಪಕ್ಕದ ಹಳೆಯ ಕಂಟ್ರೋಲರ್ ಆಗಾಗ ತಪ್ಪುತ್ತದೆ. ಕಂಟ್ರೋಲರೇ ಕೆಟ್ಟಿದೆ ಎಂದು ಬದಲಿಸಿ ದುಡ್ಡು ಕಳೆದುಕೊಳ್ಳುವುದು ಇಲ್ಲಿಯೇ. ಎರಡು ರೆಸಿಸ್ಟರಿನ ಕೆಲಸ ಅದು.

ಪೋಲಿಂಗ್ ನಿಂತಿದ್ದರೂ ಎ-ಬಿ ನಡುವೆ ಒಂದೇ ಸಮನೆ 1.5ರಿಂದ 3 ವೋಲ್ಟ್ ಇದ್ದರೆ ಯಾವುದೋ ಸಾಧನ ಕಳಿಸುವ ಸ್ಥಿತಿಯಲ್ಲೇ ಸಿಕ್ಕಿಕೊಂಡು ಲೈನನ್ನು ಹಿಡಿದು ಕೂತಿದೆ. ಎರಡರಲ್ಲಿ ಒಂದು ತಂತಿ ಕಾಮನ್ನಿಗೆ ಸೊನ್ನೆ ವೋಲ್ಟಿಗೋ 5 ವೋಲ್ಟಿಗೋ ಅಂಟಿಕೊಂಡಿದ್ದರೆ ಒಂದು ಪೋರ್ಟ್ ಸುಟ್ಟಿದೆ. ಎರಡೂ ಸಂದರ್ಭದಲ್ಲಿ ಮುಂದಿನ ಕೆಲಸ ಅರ್ಧ ಅರ್ಧ ಮಾಡಿ ಹುಡುಕುವುದು.

ಎ, ಬಿ ಹೆಸರಿನ ಬಗ್ಗೆ ಒಂದು ಎಚ್ಚರಿಕೆ. ಒಬ್ಬ ತಯಾರಕರ ಎ ಇನ್ನೊಬ್ಬರ ಬಿ ಆಗಿರುತ್ತದೆ, ಅಕ್ಷರವನ್ನು ನಂಬಬೇಡಿ. ಪ್ಲಸ್, ಮೈನಸ್ ಗುರುತಿದ್ದರೆ ಅದನ್ನು ಹಿಡಿಯಿರಿ. ಹೊಸದಾಗಿ ಜೋಡಿಸಿದ ಸಾಧನ ಉತ್ತರಿಸದಿದ್ದರೆ ಅದೊಂದರಲ್ಲಿ ಎರಡು ತಂತಿ ಅದಲುಬದಲು ಮಾಡಿ ನೋಡಿ. ಇದರಿಂದ ಪೋರ್ಟ್ ಸುಡುವುದಿಲ್ಲ.

ಮೂರನೇ ತಂತಿ

485ಕ್ಕೆ ಎರಡೇ ತಂತಿ ಸಾಕು ಎನ್ನುವ ಮಾತು ಅರ್ಧ ಮಾತ್ರ ನಿಜ. ಚಿಪ್ ತಡೆದುಕೊಳ್ಳುವುದು ತನ್ನ ಕಾಮನ್ನಿಗೆ ಹೋಲಿಸಿ ಮೈನಸ್ 7ರಿಂದ ಪ್ಲಸ್ 12 ವೋಲ್ಟಿನವರೆಗೆ. ಪ್ಯಾನಲ್ ರೂಮಿನ ಅರ್ಥಿಂಗಿಗೂ 150 ಮೀಟರ್ ಆಚೆಯ ಡ್ರೈಯರ್ ಶೆಡ್ಡಿನ ಅರ್ಥಿಂಗಿಗೂ ವ್ಯತ್ಯಾಸ ಇದ್ದೇ ಇರುತ್ತದೆ. ಕರೆಂಟ್ ಹೋಗಿ ಜನರೇಟರಿಗೆ ಬದಲಾದಾಗ ಅದು ಇನ್ನಷ್ಟು ಏರಬಹುದು. ವಿದ್ಯುತ್ ಕಂಪನಿಯ ಸಪ್ಲೈ ಇದ್ದಾಗ ಸರಿ, ಜನರೇಟರ್ ಮೇಲೆ ಓಡುವಾಗ ಮಾತ್ರ ಕಮ್ಯುನಿಕೇಶನ್ ಹೋಗುತ್ತದೆ ಎಂಬ ದೂರಿಗೆ ಕಾರಣ ಹೆಚ್ಚಾಗಿ ಇದೇ.

ಎರಡು ಜೋಡಿ ಇರುವ ಕೇಬಲ್ ಹಾಕಿ: ಒಂದು ಜೋಡಿಯಲ್ಲಿ ಎ ಮತ್ತು ಬಿ, ಇನ್ನೊಂದು ಜೋಡಿ ಪೂರ್ತಿ ಕಾಮನ್. ಎ ಒಂದು ಜೋಡಿಯಿಂದ, ಬಿ ಇನ್ನೊಂದು ಜೋಡಿಯಿಂದ ತೆಗೆದರೆ ತಿರುಚಿದ ತಂತಿಯ ಲಾಭವೇ ಹೋಗುತ್ತದೆ. ಶೀಲ್ಡನ್ನು ಕಾಮನ್ ಆಗಿ ಬಳಸಬೇಡಿ. ಕಾಮನ್ ಜೋಡಿಸುವ ಮೊದಲು ಎರಡು ಸಾಧನಗಳ ಕಾಮನ್ ನಡುವೆ ಎಸಿ ಮತ್ತು ಡಿಸಿ ಎರಡೂ ಅಳೆಯಿರಿ. ಕೆಲವು ವೋಲ್ಟ್ ಕಂಡರೆ ನೇರ ಜೋಡಿಸದೆ ಅಲ್ಲಿ ಐಸೊಲೇಟೆಡ್ ರಿಪೀಟರ್ (ಎರಡು ಕಡೆಯನ್ನು ಬೇರೆಯಾಗಿಟ್ಟು ಸಿಗ್ನಲ್ ಮಾತ್ರ ದಾಟಿಸುವ ಸಾಧನ) ಹಾಕಿ.

ಅರ್ಧ ಅರ್ಧ ಮಾಡಿ ಹುಡುಕುವುದು

ಪ್ಯಾನಲ್ಲಿನಿಂದ ಶುರುವಾಗಿ ಎರಡು ಮೀಟರ್, ನಾಲ್ಕು ಡ್ರೈವ್, ಕೊನೆಗೆ ಡ್ರೈಯರಿನ ಆರು ಕಂಟ್ರೋಲರ್, ಒಟ್ಟು 12 ಸಾಧನ ಇವೆ ಎಂದಿಟ್ಟುಕೊಳ್ಳಿ. ಎಲ್ಲವೂ ಸತ್ತಿವೆ. ಒಂದೊಂದೇ ಬಿಚ್ಚುತ್ತಾ ಹೋದರೆ ದಿನ ಹೋಗುತ್ತದೆ. ಆರನೆಯ ಸಾಧನದ ಬಳಿ ಮುಂದಕ್ಕೆ ಹೋಗುವ ತಂತಿ ಬಿಚ್ಚಿ. ಈಗ ದೂರದ ತುದಿಯ ಟರ್ಮಿನೇಶನ್ ತಪ್ಪಿಹೋಗಿದೆ, ಆದ್ದರಿಂದ ಬಿಚ್ಚಿದ ಜಾಗದಲ್ಲಿ ಜೇಬಿನ 120 ಓಮ್ ರೆಸಿಸ್ಟರ್ ಹಾಕಿ. ಇದನ್ನು ಮರೆತು, ಮೊದಲ ಭಾಗದಲ್ಲೇ ದೋಷ ಇದೆ ಎಂದು ತಪ್ಪು ತಿಳಿಯುವವರು ಬಹಳ.

ಮೊದಲ ಆರು ಉತ್ತರಿಸಿದರೆ ದೋಷ ಆಚೆ ಇದೆ. ತಂತಿ ಮರಳಿ ಜೋಡಿಸಿ, ಒಂಬತ್ತನೆಯದರ ಬಳಿ ಬಿಚ್ಚಿ. ನಾಲ್ಕು ಸಲ ಬಿಚ್ಚುವುದರೊಳಗೆ ಒಂದು ಸಾಧನಕ್ಕೋ ಒಂದು ತುಂಡು ಕೇಬಲ್ಲಿಗೋ ಬಂದು ನಿಲ್ಲುತ್ತೀರಿ. ಅನುಮಾನದ ಸಾಧನವನ್ನು ಪೂರ್ತಿ ಬಿಚ್ಚಿ, ಪವರ್ ಇಲ್ಲದೆ ಅದರ ಪೋರ್ಟಿನ ಎ-ಕಾಮನ್, ಬಿ-ಕಾಮನ್ ಓಮ್ ಅಳೆಯಿರಿ. ಅದೇ ಮಾಡೆಲ್ಲಿನ ಒಳ್ಳೆಯ ಸಾಧನದ್ದನ್ನೂ ಅಳೆದು ಹೋಲಿಸಿ. ಒಳ್ಳೆಯದರಲ್ಲಿ ಸಾವಿರಾರು ಓಮ್ ಇದ್ದು ಇದರಲ್ಲಿ ಕೆಲವೇ ಓಮ್ ಇದ್ದರೆ ಚಿಪ್ ಹೋಗಿದೆ.

ಕೇಬಲ್ ಓಡಿಸಿದ ರೀತಿಯನ್ನೂ ಈಗಲೇ ನೋಡಿ. ಲೈನ್ ಒಂದು ಸಾಧನದಿಂದ ಮುಂದಿನದಕ್ಕೆ ಸರಪಳಿಯಂತೆ ಹೋಗಬೇಕು. ಒಂದು ಜಂಕ್ಷನ್ ಬಾಕ್ಸಿನಿಂದ ನಾಲ್ಕು ದಿಕ್ಕಿಗೆ ನಾಲ್ಕು ಕೇಬಲ್ ಎಳೆದಿದ್ದರೆ ಸಿಗ್ನಲ್ ಪ್ರತಿ ತುದಿಯಿಂದ ಹಿಂದಿರುಗಿ ಬಡಿಯುತ್ತದೆ. 9600ರಲ್ಲಿ ಹೇಗೋ ಓಡಿದ್ದು 38400ಕ್ಕೆ ಏರಿಸಿದಾಗ ನಿಲ್ಲುತ್ತದೆ. ಕವಲು ತಂತಿ ಒಂದು ಮೀಟರಿನೊಳಗೆ ಇರಲಿ.

ಡ್ರೈವಿನ ನಾಯ್ಸ್

ಡ್ರೈವಿನಿಂದ ಮೋಟರಿಗೆ ಹೋಗುವ ಕೇಬಲ್ಲಿನಲ್ಲಿ ವೋಲ್ಟೇಜ್ ಸೆಕೆಂಡಿಗೆ ಸಾವಿರಾರು ಸಲ ಏರಿಳಿಯುತ್ತದೆ. ಅದರ ಪಕ್ಕದಲ್ಲೇ ಒಂದೇ ಟ್ರೇಯಲ್ಲಿ 485 ಕೇಬಲ್ ಓಡಿದ್ದರೆ ಯಾವ ಸೆಟ್ಟಿಂಗೂ ಉಳಿಸುವುದಿಲ್ಲ. ಕನಿಷ್ಠ 30 ಸೆಂಟಿಮೀಟರ್ ದೂರ ಇಡಿ. ದಾಟಲೇಬೇಕಾದ ಕಡೆ ನೇರ ಅಡ್ಡಕ್ಕೆ ದಾಟಿಸಿ. ಮೋಟರ್ ಕೇಬಲ್ ಶೀಲ್ಡ್ ಇರುವುದಾಗಿರಲಿ, ಅದರ ಶೀಲ್ಡ್ ಎರಡೂ ತುದಿಯಲ್ಲಿ ಅರ್ಥ್ ಆಗಬೇಕು. 485 ಕೇಬಲ್ಲಿನ ಶೀಲ್ಡ್ ಹಾಗಲ್ಲ. ಪ್ರತಿ ಸಾಧನದ ಬಳಿ ಒಳಬಂದ ಶೀಲ್ಡನ್ನೂ ಹೊರಹೋಗುವ ಶೀಲ್ಡನ್ನೂ ಒಂದಕ್ಕೊಂದು ಸೇರಿಸಿ, ಅರ್ಥ್ ಮಾತ್ರ ಮುಖ್ಯ ಪ್ಯಾನಲ್ಲಿನಲ್ಲಿ ಒಂದೇ ಕಡೆ ಕೊಡಿ. ಎರಡು ಶೆಡ್ಡಿನಲ್ಲಿ ಅರ್ಥ್ ಮಾಡಿದರೆ ಶೀಲ್ಡಿನೊಳಗೇ ಕರೆಂಟ್ ಹರಿದು ಅದೇ ನಾಯ್ಸ್ ತರುತ್ತದೆ.

ಪರೀಕ್ಷೆ ಸುಲಭ. ಡ್ರೈವ್ ಆನ್ ಇರಲಿ, ಮೋಟರ್ ನಿಂತಿರಲಿ, ನೂರು ಸಲ ಓದಿ ತಪ್ಪು ಎಣಿಸಿ. ಆಮೇಲೆ ಮೋಟರ್ ಓಡಿಸಿ ಮತ್ತೆ ನೂರು ಸಲ. ಮೊದಲನೆಯದರಲ್ಲಿ ತಪ್ಪಿಲ್ಲದೆ ಎರಡನೆಯದರಲ್ಲಿ ಬಂದರೆ ಬೇರೇನೂ ಹುಡುಕಬೇಡಿ, ಕೇಬಲ್ ದಾರಿ ಬದಲಿಸಿ. ಬಾಡ್ ರೇಟ್ ಇಳಿಸುವುದು, ಡ್ರೈವಿನ ಕ್ಯಾರಿಯರ್ ಫ್ರೀಕ್ವೆನ್ಸಿ ಇಳಿಸುವುದು ಆ ದಿನದ ಕೆಲಸ ನಡೆಸಲು ಸಾಕು, ಪರಿಹಾರ ಅಲ್ಲ.

ಸೆಟ್ಟಿಂಗ್ ಮತ್ತು ಸಮಯ

ಹೊಸ ಸಾಧನ ಸೇರಿಸಿದಾಗ ಅಥವಾ ಬದಲಿಸಿದಾಗ ಮಾತ್ರ ಇದನ್ನು ಮೊದಲು ನೋಡಿ. ವಿಳಾಸ 1ರಿಂದ 247ರೊಳಗೆ. ಬಾಡ್ ರೇಟ್, ಪ್ಯಾರಿಟಿ (ಪ್ರತಿ ಅಕ್ಷರದ ತಪ್ಪು ಹಿಡಿಯುವ ಬಿಟ್), ಸ್ಟಾಪ್ ಬಿಟ್ (ಅಕ್ಷರ ಮುಗಿಯಿತು ಎನ್ನುವ ಗುರುತು) ಎಲ್ಲ ಸಾಧನಗಳಲ್ಲೂ ಒಂದೇ ಇರಬೇಕು. ಮಾಡ್‌ಬಸ್ ನಿಯಮದಂತೆ ಈವನ್ ಪ್ಯಾರಿಟಿ ಮತ್ತು ಒಂದು ಸ್ಟಾಪ್ ಬಿಟ್ ಮೂಲ ಸೆಟ್ಟಿಂಗ್, ಪ್ಯಾರಿಟಿ ಇಲ್ಲದಿದ್ದರೆ ಎರಡು ಸ್ಟಾಪ್ ಬಿಟ್. ಆದರೆ ಮಾರುಕಟ್ಟೆಯ ಬಹಳಷ್ಟು ಮೀಟರುಗಳು ಪ್ಯಾರಿಟಿ ಇಲ್ಲದೆ ಒಂದೇ ಸ್ಟಾಪ್ ಬಿಟ್ಟಿನಲ್ಲಿ ಬರುತ್ತವೆ. ಸೆಟ್ಟಿಂಗ್ ಬದಲಿಸಿದ ಮೇಲೆ ಸಾಧನವನ್ನು ಆಫ್ ಮಾಡಿ ಆನ್ ಮಾಡಿ, ಅನೇಕವು ಹಾಗೆ ಮಾಡಿದ ಮೇಲೆಯೇ ಹೊಸದನ್ನು ಒಪ್ಪುತ್ತವೆ.

ಎರಡು ಸಾಧನಕ್ಕೆ ಒಂದೇ ವಿಳಾಸ ಬಿದ್ದಿದ್ದರೆ ಆ ವಿಳಾಸದಲ್ಲಿ ಮಾತ್ರ ಸಿಆರ್‌ಸಿ ತಪ್ಪು ಬರುತ್ತಿರುತ್ತದೆ. ಆ ವಿಳಾಸದಲ್ಲಿರಬೇಕಾದ ಸಾಧನವನ್ನು ಬಿಚ್ಚಿಟ್ಟು ಅದೇ ವಿಳಾಸವನ್ನು ಕರೆಯಿರಿ. ಆಗಲೂ ಉತ್ತರ ಬಂದರೆ ಸಿಕ್ಕಿಬಿತ್ತು.

ಪರದೆ ನಿಧಾನ ಎಂಬ ದೂರು ಬಂದರೆ ಲೆಕ್ಕ ಹಾಕಿ. 9600ರಲ್ಲಿ 11 ಬಿಟ್ಟಿನ ಒಂದು ಅಕ್ಷರಕ್ಕೆ 1.15 ಮಿಲಿಸೆಕೆಂಡ್. 10 ರಿಜಿಸ್ಟರ್ ಓದಲು ಪ್ರಶ್ನೆ 8 ಬೈಟ್, ಉತ್ತರ 25 ಬೈಟ್, ಒಟ್ಟು 38 ಮಿಲಿಸೆಕೆಂಡ್. ಪ್ರತಿ ಸಂದೇಶದ ನಡುವೆ ಮೂರೂವರೆ ಅಕ್ಷರದಷ್ಟು, ಅಂದರೆ 4 ಮಿಲಿಸೆಕೆಂಡ್ ಮೌನ. ಸಾಧನ ಯೋಚಿಸುವ ಸಮಯ ಸೇರಿಸಿದರೆ ಒಂದಕ್ಕೆ ಸುಮಾರು 100 ಮಿಲಿಸೆಕೆಂಡ್ ಹಿಡಿಯಿರಿ. 12 ಸಾಧನಕ್ಕೆ ಒಂದು ಸೆಕೆಂಡಿಗಿಂತ ತುಸು ಹೆಚ್ಚು. ಇದರಲ್ಲಿ ಒಂದು ಸತ್ತು, ಟೈಮ್ಔಟ್ 1 ಸೆಕೆಂಡ್ ಇಟ್ಟು ಮೂರು ಸಲ ಪ್ರಯತ್ನಿಸುವಂತೆ ಹಾಕಿದ್ದರೆ ಪ್ರತಿ ಸುತ್ತಿಗೂ 3 ಸೆಕೆಂಡ್ ವ್ಯರ್ಥ. ಕೆಟ್ಟ ಒಂದರಿಂದ ಉಳಿದ ಹನ್ನೊಂದೂ ನಿಧಾನವಾಗಿ ಕಾಣುತ್ತವೆ. ಸೀಸನ್ ಮುಗಿದು ಆಫ್ ಮಾಡಿಟ್ಟ ಯಂತ್ರಗಳನ್ನು ಪೋಲಿಂಗ್ ಪಟ್ಟಿಯಿಂದ ತೆಗೆಯುವುದು ಇದಕ್ಕೇ.

ಉತ್ತರ ಬರುತ್ತಿದೆ, ಅಂಕಿ ತಪ್ಪು

ಎಕ್ಸೆಪ್ಶನ್ ಕೋಡ್ (ಕೇಳಿದ್ದನ್ನು ಯಾಕೆ ಕೊಡಲಾಗದು ಎಂದು ಹೇಳುವ ನಂಬರ್) ಬಂದರೆ ಸಂತೋಷಪಡಿ. ಪ್ರಶ್ನೆ ತಲುಪಿದೆ, ಸಾಧನ ಓದಿದೆ, ಉತ್ತರ ಕೊಟ್ಟಿದೆ, ಅಂದರೆ ತಂತಿ ಸರಿಯಿದೆ. ಕೋಡ್ 1 ಆದರೆ ಆ ಫಂಕ್ಷನ್ (ಓದು, ಬರೆ ಎಂಬಂಥ ಆಜ್ಞೆಯ ನಂಬರ್) ಅದಕ್ಕೆ ಗೊತ್ತಿಲ್ಲ. ಮೀಟರುಗಳಲ್ಲಿ ಫಂಕ್ಷನ್ 3ರ ಬದಲು 4 ಬೇಕಾಗುವುದು ಸಾಮಾನ್ಯ. ಕೋಡ್ 2 ಆದರೆ ಆ ರಿಜಿಸ್ಟರ್ ಇಲ್ಲ. ಕೋಡ್ 3 ಆದರೆ ಕಳಿಸಿದ ಅಂಕಿ ಅಥವಾ ಕೇಳಿದ ರಿಜಿಸ್ಟರುಗಳ ಸಂಖ್ಯೆ ತಪ್ಪು, ಒಂದು ಸಲಕ್ಕೆ 125 ರಿಜಿಸ್ಟರಿಗಿಂತ ಹೆಚ್ಚು ಕೇಳಿದರೂ ಇದು ಬರಬಹುದು. ಕೋಡ್ 11 ಬಂದರೆ ಈಥರ್ನೆಟ್ ಗೇಟ್‌ವೇ ಬದುಕಿದೆ, ಅದರ ಹಿಂದಿನ 485 ಸಾಧನ ಉತ್ತರಿಸುತ್ತಿಲ್ಲ.

ಮ್ಯಾನ್ಯುಯಲ್ಲಿನಲ್ಲಿ 40001 ಎಂದು ಬರೆದದ್ದು ತಂತಿಯ ಮೇಲೆ ಸೊನ್ನೆಯಾಗಿ ಹೋಗುತ್ತದೆ. ಕೆಲವು ತಂತ್ರಾಂಶ ಈ ಒಂದನ್ನು ತಾನೇ ಕಳೆಯುತ್ತದೆ, ಕೆಲವು ಕಳೆಯುವುದಿಲ್ಲ. ಒಂದು ಹೆಚ್ಚು, ಒಂದು ಕಡಿಮೆ, ಎರಡೂ ಓದಿ ನೋಡಿ.

ಮೀಟರಿನ ಮುಖದಲ್ಲಿ 230 ವೋಲ್ಟ್ ಇದೆ, ಪರದೆಯಲ್ಲಿ ಸೊನ್ನೆಗೆ ಹತ್ತಿರದ ಏನೋ ವಿಚಿತ್ರ ಅಂಕಿ ಬರುತ್ತಿದೆ ಎಂದುಕೊಳ್ಳಿ. ಆ ಎರಡು ರಿಜಿಸ್ಟರನ್ನು ಫ್ಲೋಟ್ (ದಶಮಾಂಶ ಸಂಖ್ಯೆ) ಅಲ್ಲದೆ ಬರೀ ಪೂರ್ಣಾಂಕವಾಗಿ ಓದಿ. ಸರಿಯಾಗಿ 230.0 ಇದ್ದರೆ 17254 ಮತ್ತು 0 ಬರಬೇಕು. 0 ಮೊದಲು, 17254 ಆಮೇಲೆ ಬಂದರೆ ಪಿಎಲ್‌ಸಿಯಲ್ಲಿ ಆ ಎರಡು ವರ್ಡ್ (ರಿಜಿಸ್ಟರಿನ ಅಂಕಿ) ಅದಲುಬದಲು ಮಾಡಬೇಕು, ಅಷ್ಟೆ. ಹಾಗೆಯೇ ಕಂಟ್ರೋಲರಿನಿಂದ 425 ಬಂದರೆ ಅದು ಹೆಚ್ಚಾಗಿ ಹತ್ತು ಪಟ್ಟು ಮಾಡಿ ಕಳಿಸಿದ 42.5 ಡಿಗ್ರಿ. 65526 ಬಂದರೆ ಅದು ಮೈನಸ್ 10, ಸಹಿ ಇರುವ ಸಂಖ್ಯೆಯಾಗಿ ಓದಬೇಕು.

ಮಳೆ, ಸಿಡಿಲು, ಇಲಿ

ನಮ್ಮ ಕಡೆಯ ಲೈನುಗಳು ಹೆಚ್ಚು ಕೆಡುವುದು ಎರಡು ಕಾಲದಲ್ಲಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಸಕಲೇಶಪುರ, ಮೂಡಿಗೆರೆ ಕಡೆ ಗಾಳಿಯಲ್ಲೇ ನೀರಿರುತ್ತದೆ. ಹೊರಗಿನ ಜಂಕ್ಷನ್ ಬಾಕ್ಸಿಗೆ ಕೇಬಲ್ ಮೇಲಿನಿಂದ ಇಳಿಸಿದ್ದರೆ ನೀರು ಅದರ ಗುಂಟ ಒಳಗೇ ಬರುತ್ತದೆ. ಗ್ಲ್ಯಾಂಡ್ ಕೆಳಮುಖವಾಗಿರಲಿ, ಒಳಹೋಗುವ ಮೊದಲು ಕೇಬಲ್ ಒಂದು ಸಣ್ಣ ಬಾಗು ತೆಗೆದುಕೊಳ್ಳಲಿ. ಹಸಿರು ಹಿಡಿದ ತಾಮ್ರವನ್ನು ಉಜ್ಜಿ ಮತ್ತೆ ಬಿಗಿಯಬೇಡಿ. ಒಳ್ಳೆಯ ತಾಮ್ರ ಸಿಗುವವರೆಗೆ ಕತ್ತರಿಸಿ, ಹೊಸ ಫೆರುಲ್ ಒತ್ತಿ ಹಾಕಿ. ಪಾರ್ಚ್‌ಮೆಂಟ್ ಹೊಟ್ಟಿನ ಧೂಳು ತೇವ ಹಿಡಿದು ಟರ್ಮಿನಲ್ ನಡುವೆ ಕೂತರೂ ಲೀಕೇಜ್ ಆಗುತ್ತದೆ, ಬ್ರಷ್ಷಿನಿಂದ ತೆಗೆಯಿರಿ. ಗೋದಾಮಿನಲ್ಲಿ ಇಲಿ ಕಾಟ ಇದ್ದರೆ ಕೇಬಲ್ಲನ್ನು ಜಿಐ ಪೈಪಿನೊಳಗೆ ಓಡಿಸಿ.

ಇನ್ನೊಂದು ಕಾಲ ಏಪ್ರಿಲ್, ಮೇ ತಿಂಗಳ ಗುಡುಗು ಮಳೆ. ಕಟ್ಟಡದಿಂದ ಕಟ್ಟಡಕ್ಕೆ ಹೋಗುವ ತಾಮ್ರದ ತಂತಿಯ ಮೇಲೆ ದೂರದ ಸಿಡಿಲು ಕೂಡ ಪೋರ್ಟ್ ಸುಡುವಷ್ಟು ವೋಲ್ಟೇಜ್ ಎಬ್ಬಿಸುತ್ತದೆ. ಅಂಥ ಕೇಬಲ್ಲಿನ ಎರಡೂ ತುದಿಗೆ 485ಕ್ಕೆಂದೇ ಮಾಡಿದ ಸರ್ಜ್ ಅರೆಸ್ಟರ್ (ಹೆಚ್ಚಾದ ವೋಲ್ಟೇಜನ್ನು ಅರ್ಥಿಗೆ ಹರಿಸುವ ಸಾಧನ) ಹಾಕಿ. ಒಂದೇ ತುದಿಗೆ ಹಾಕಿದರೆ ಇನ್ನೊಂದು ತುದಿಯ ಪೋರ್ಟ್ ಹೋಗುತ್ತದೆ. ಅರೆಸ್ಟರಿನಿಂದ ಅರ್ಥ್ ಬಾರಿನವರೆಗಿನ ತಂತಿ ದಪ್ಪವಾಗಿ, ಗಿಡ್ಡವಾಗಿ, ಸುರುಳಿಯಿಲ್ಲದೆ ಇರಲಿ. ಹೊಸದಾಗಿ ಕೇಬಲ್ ಎಳೆಯುವುದಾದರೆ ಕಟ್ಟಡಗಳ ನಡುವೆ ಫೈಬರ್ ಹಾಕಿ, ಎರಡು ತುದಿಗೆ 485-ಫೈಬರ್ ಕನ್ವರ್ಟರ್ ಇಡುವುದೇ ಮೇಲು. ಸಿಡಿಲಿನ ದಾರಿಯೂ ತಪ್ಪುತ್ತದೆ, ಅರ್ಥಿಂಗ್ ವ್ಯತ್ಯಾಸದ ಗೋಳೂ ತಪ್ಪುತ್ತದೆ.

ಅರೆಸ್ಟರ್ ಏಟು ತಿಂದು ತಿಂದು ಕೊನೆಗೆ ಶಾರ್ಟ್ ಆಗಿ ನಿಲ್ಲುವುದುಂಟು, ಆಗ ಅದೇ ಲೈನನ್ನು ಹಿಡಿದಿಡುತ್ತದೆ. ಸಿಡಿಲಿನ ಮರುದಿನ ಎಲ್ಲವೂ ಸತ್ತಿದ್ದರೆ ಸಾಧನ ಬಿಚ್ಚುವ ಮೊದಲು ಅರೆಸ್ಟರ್ ಬಿಚ್ಚಿ ಎ-ಬಿ ಓಮ್ ನೋಡಿ. 60ಕ್ಕೆ ಮರಳಿದರೆ ಅರೆಸ್ಟರ್ ಬದಲಿಸಿ, ಪೋಲಿಂಗ್ ಶುರು ಮಾಡಿ, ಪ್ರತಿ ವಿಳಾಸವನ್ನೂ ನೂರು ಸಲ ಓದಿಸಿ ತಪ್ಪಿನ ಎಣಿಕೆ ಬರೆದುಕೊಳ್ಳಿ. ಏಟು ತಿಂದ ಪೋರ್ಟ್ ಅಂದೇ ಸಾಯದೆ ಕೆಲವು ವಾರ ಬಿಟ್ಟು ಸಾಯಬಹುದು. ತಪ್ಪು ಹೆಚ್ಚು ಬಂದ ವಿಳಾಸದ ಸಾಧನಕ್ಕೆ ಬದಲಿ ತರಿಸಿಟ್ಟುಕೊಳ್ಳಿ.